ಕಾರ್ಡೋ, ಬಿಲ್ಲೆಯೋ, ಫೋನೋ? ತುರ್ತಿಗೆ ಒದಗುವ ವೈದ್ಯಕೀಯ ಗುರುತು

ಅಪ್ಪನ ಬಳಿ ಕಾರ್ಡ್ ಇತ್ತು. ಹೃದಯದ ಕವಾಟ ಬದಲಿಸಿದ ಆಸ್ಪತ್ರೆಯವರೇ ಕೊಟ್ಟದ್ದು. ಕವಾಟದ ಮಾದರಿ, ಅಳತೆ, ಕ್ರಮಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಜಾರಿ ಅವರ ತಲೆಗೆ ಪೆಟ್ಟಾದ ದಿನ ಆ ಕಾರ್ಡ್ ಮನೆಯ ಬಚ್ಚಲಲ್ಲಿ, ಒಗೆಯಲು ಹಾಕಿದ್ದ ಹಿಂದಿನ ದಿನದ ಅಂಗಿಯ ಜೇಬಿನಲ್ಲಿತ್ತು. ಯಾರೋ ಆಟೋ ಚಾಲಕರು ಅವರನ್ನು ಎತ್ತಿಕೊಂಡು ಹೋಗಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿದರು. ಅಲ್ಲಿ ಹಣೆಗೆ ಹೊಲಿಗೆ ಹಾಕಿ, ಪೂರ್ತಿ ಎಚ್ಚರವಾಗಲಿ ನೋಡೋಣ ಎಂದು ಮಲಗಿಸಿದ್ದರು. ಅವರು ವರ್ಷಗಳಿಂದ ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ ಎಂಬುದು ನಾವು ಓಡಿಹೋಗಿ ಹೇಳುವವರೆಗೆ ಯಾರಿಗೂ ತಿಳಿದಿರಲಿಲ್ಲ. ಆ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟು ಬಿದ್ದರೆ, ಹೊರಗಿನ ಗಾಯ ಸಣ್ಣದಿದ್ದರೂ ಒಳಗೆ ರಕ್ತ ಒಸರುತ್ತಲೇ ಇರಬಹುದು. ಕಾಯುತ್ತ ಕೂರುವ ಹಾಗಿಲ್ಲ, ಸ್ಕ್ಯಾನ್ ಆಗಬೇಕು. ಆಯಿತು, ಒಳಗೆ ಏನೂ ಆಗಿರಲಿಲ್ಲ. ಆದರೆ ಕಳೆದುಹೋದ ಆ ಒಂದೂವರೆ ಗಂಟೆ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು.

ಅನಂತರದ ತಿಂಗಳುಗಳಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ತರಿಸಿ ಅಪ್ಪನ ಮೇಲೆ ಪ್ರಯೋಗ ಮಾಡಿದೆ. ಲ್ಯಾಮಿನೇಟ್ ಮಾಡಿದ ಕಾರ್ಡ್, ಸ್ಟೀಲ್ ಕಡಗ, ರಬ್ಬರ್ ಪಟ್ಟಿ, ಕೊರಳಿಗೆ ಹಾಕುವ ಬಿಲ್ಲೆ, ಕ್ಯೂಆರ್ ಅಂಟುಚೀಟಿ, ಫೋನಿನ ತುರ್ತು ಪುಟ. ನಿವೃತ್ತ ಗಣಿತದ ಮೇಷ್ಟರಾದ ಅವರು ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟರು. ಅರವತ್ತು ದಾಟಿದ್ದು ಯಾವುದೂ ಇಲ್ಲ. ಅವರ ಲೆಕ್ಕ ತಪ್ಪು ಎಂದು ನನಗೂ ಅನ್ನಿಸುವುದಿಲ್ಲ.

ಮೊದಲು ನೋಡಬೇಕಾದದ್ದು: ಓದುವವರು ಯಾರು?

ಈ ಸರಕುಗಳನ್ನು ಮಾರುವವರು ವಸ್ತುವಿನ ಗುಣ ಹೇಳುತ್ತಾರೆ: ತುಕ್ಕು ಹಿಡಿಯದು, ನೀರಿಗೆ ಕೆಡದು, ನೋಡಲು ಚೆಂದ. ಓದುವವರ ಬಗ್ಗೆ ಮಾತಿಲ್ಲ. ನೀವು ಪ್ರಜ್ಞೆ ತಪ್ಪಿ ಬಿದ್ದರೆ ನಿಮ್ಮನ್ನು ಮೂರು ಜನ ಮೂರು ಹೊತ್ತಿನಲ್ಲಿ ಓದುತ್ತಾರೆ. ಮೊದಲನೆಯವರು ದಾರಿಹೋಕರು, ಅಂಗಡಿಯವರು, ಆಟೋದವರು, ಬಸ್ ಕಂಡಕ್ಟರ್. ಎರಡನೆಯವರು 108 ಆಂಬುಲೆನ್ಸಿನ ಸಿಬ್ಬಂದಿ. ಮೂರನೆಯವರು ಆಸ್ಪತ್ರೆಯ ತುರ್ತು ವಿಭಾಗದ ಕರ್ತವ್ಯನಿರತ ವೈದ್ಯರು ಮತ್ತು ನರ್ಸ್. ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಸೇವೆ 2008ರಲ್ಲಿ ಶುರುವಾಯಿತು. ಆದರೂ ಇಂದಿಗೂ ಎಷ್ಟೋ ಮಂದಿ ಆಸ್ಪತ್ರೆ ತಲುಪುವುದು ಆಟೋದಲ್ಲಿ, ಯಾರದೋ ಕಾರಿನಲ್ಲಿ. ಅಂದರೆ ಎರಡನೆಯ ಓದುಗ ಇಲ್ಲದೆಯೇ ಕಥೆ ಮುಗಿಯಬಹುದು.

ಈ ಮೂವರೂ ಹುಡುಕುವ ಜಾಗ ಬೇರೆ, ಓದುವ ಭಾಷೆಯೂ ಬೇರೆ. ದಾರಿಹೋಕರು ಮೊದಲು ಕೈಹಾಕುವುದು ಫೋನಿಗೆ, ಆಮೇಲೆ ಜೇಬಿಗೆ. ಅವರಿಗೆ ಬೇಕಾದದ್ದು ಒಂದು ಫೋನ್ ನಂಬರ್, ಕನ್ನಡದಲ್ಲಿ ಒಂದು ಸಾಲು. ವೈದ್ಯರಿಗೆ ಬೇಕಾದದ್ದು ಕಾಯಿಲೆ ಮತ್ತು ಔಷಧದ ಹೆಸರು, ಇಂಗ್ಲಿಷಿನಲ್ಲಿ. ರಾತ್ರಿ ಪಾಳಿಯಲ್ಲಿರುವ ವೈದ್ಯರು ಕೇರಳದವರೋ ಉತ್ತರ ಭಾರತದವರೋ ಆಗಿದ್ದರೆ ನಮ್ಮ ಅಚ್ಚಗನ್ನಡ ಅಲ್ಲಿ ನಡೆಯುವುದಿಲ್ಲ. ಎರಡು ಭಾಷೆ ಹಿಡಿಸದ ಗುರುತು ಅರ್ಧ ಕೆಲಸದ ಗುರುತು.

ಏನು ಬರೆಯುವುದು, ಏನು ಬಿಡುವುದು

ನಮ್ಮ ದೇಶದ ಯಾವ ಗುರುತಿನ ಚೀಟಿ ತೆಗೆದರೂ ಎದ್ದು ಕಾಣುವುದು ರಕ್ತದ ಗುಂಪು. ಶಾಲೆಯ ಐಡಿ, ಕಚೇರಿಯ ಐಡಿ, ಚಾಲನಾ ಪರವಾನಗಿ, ಕೊನೆಗೆ ಬೈಕಿನ ಹಿಂಬದಿಯಲ್ಲೂ ಬರೆಸಿದವರಿದ್ದಾರೆ. ನಿಜ ಹೇಳಬೇಕೆಂದರೆ ತುರ್ತಿನಲ್ಲಿ ಅದು ಬಹುತೇಕ ನಿರುಪಯೋಗಿ. ಕಾರ್ಡಿನಲ್ಲಿ ಬರೆದದ್ದನ್ನು ನಂಬಿ ಯಾವ ಆಸ್ಪತ್ರೆಯೂ ರಕ್ತ ಏರಿಸುವುದಿಲ್ಲ, ಏರಿಸಲೂಬಾರದು. ಗುಂಪು ತಪ್ಪಿದರೆ ಜೀವಕ್ಕೇ ಅಪಾಯ. ಅವರೇ ಪರೀಕ್ಷಿಸಿ, ದಾನಿಯ ರಕ್ತದೊಂದಿಗೆ ಹೊಂದಿಸಿ ನೋಡಿ ಕೊಡುತ್ತಾರೆ. ಅಷ್ಟೂ ಸಮಯವಿಲ್ಲದಿದ್ದರೆ ಓ ನೆಗೆಟಿವ್ ಇದೆ.

ಇದಕ್ಕೊಂದು ದೊಡ್ಡ ಅಪವಾದ ಉಂಟು. 1952ರಲ್ಲಿ ವೈ. ಎಂ. ಭೆಂಡೆ ಮುಂಬೈಯಲ್ಲಿ ಗುರುತಿಸಿದ ಬಾಂಬೆ ರಕ್ತದ ಗುಂಪು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದು ಕಾಣುತ್ತದೆ. ಸಾಮಾನ್ಯ ಪರೀಕ್ಷೆಯ ಮೊದಲ ಹಂತದಲ್ಲಿ ಇದು ಓ ಗುಂಪಿನಂತೆಯೇ ತೋರುತ್ತದೆ, ಆದರೆ ಓ ರಕ್ತವೂ ಇವರಿಗೆ ಆಗುವುದಿಲ್ಲ. ಇದೇ ಗುಂಪಿನವರದ್ದೇ ಆಗಬೇಕು. ನಿಮ್ಮದು ಆ ಗುಂಪು ಎಂದು ರಕ್ತನಿಧಿಯವರು ಹೇಳಿದ್ದರೆ, ಅಥವಾ ಹಲವು ಸಲ ರಕ್ತ ಏರಿಸಿಕೊಂಡು ದೇಹದಲ್ಲಿ ಪ್ರತಿಕಾಯಗಳು ಬೆಳೆದಿವೆ ಎಂದು ತಿಳಿಸಿದ್ದರೆ, ಮೊದಲ ಸಾಲಿನಲ್ಲೇ ಬರೆಯಿರಿ. ಉಳಿದವರು ಆ ಜಾಗವನ್ನು ಬೇರೆಯದಕ್ಕೆ ಬಿಡಿ.

ಚಿಕಿತ್ಸೆಯ ದಿಕ್ಕನ್ನೇ ಬದಲಿಸುವ ಮಾಹಿತಿ ಯಾವುದು ಎಂದು ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ರಕ್ತ ತೆಳುವಾಗಿಸುವ ಔಷಧವನ್ನು ಅವರು ಮೊದಲಿಗಿಟ್ಟರು. ಆಸ್ಪಿರಿನ್‌ಗಿಂತ ವಾರ್ಫರಿನ್, ಅಸಿನೊಕೌಮರಾಲ್‌ಗಳ ಮಾತು ಇಲ್ಲಿ ಮುಖ್ಯ. ಅವುಗಳ ಪರಿಣಾಮವನ್ನು ಇಳಿಸಲು ವಿಟಮಿನ್ ಕೆ ಮುಂತಾದ ಉಪಾಯಗಳಿವೆ, ಆದರೆ ಇದೆಯೆಂದು ತಿಳಿದರೆ ತಾನೇ ಇಳಿಸುವುದು. ಎರಡನೆಯದು ಔಷಧದ ಅಲರ್ಜಿ, ಅದರಲ್ಲೂ ಪೆನಿಸಿಲಿನ್. ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ: ಬಹುಕಾಲದಿಂದ ಸ್ಟೆರಾಯ್ಡ್ ಮಾತ್ರೆ. ಸಂಧಿವಾತಕ್ಕೋ ಚರ್ಮದ ಕಾಯಿಲೆಗೋ ಪ್ರೆಡ್ನಿಸೋಲೋನ್ ವರ್ಷಗಟ್ಟಲೆ ತೆಗೆದುಕೊಂಡವರ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿಬಿಟ್ಟಿರುತ್ತದೆ. ದೊಡ್ಡ ಅಪಘಾತವಾದಾಗ ಹೊರಗಿನಿಂದ ಕೊಡದಿದ್ದರೆ ರಕ್ತದೊತ್ತಡ ಕುಸಿದುಹೋಗುತ್ತದೆ, ಕಾರಣವೂ ಹೊಳೆಯುವುದಿಲ್ಲ. ಒಂದು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಅಲ್ಲಿ ಜೀವ ಉಳಿಸಬಲ್ಲದು.

ಪೇಸ್‌ಮೇಕರ್ ಇದ್ದರೆ ಬರೆಯಬೇಕು, ಎಂಆರ್‌ಐ ಮಾಡುವ ಮುನ್ನ ಅದರ ಮಾದರಿ ತಿಳಿಯಬೇಕಾಗುತ್ತದೆ. ಹಿಮೋಫಿಲಿಯಾ ಇದ್ದರೆ ಸ್ನಾಯುವಿಗೆ ಚುಚ್ಚುಮದ್ದು ಕೊಡುವಂತಿಲ್ಲ. ಡಯಾಲಿಸಿಸ್‌ಗೆಂದು ತೋಳಿನಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡವರ ಆ ಕೈಗೆ ಬಿಪಿ ಪಟ್ಟಿ ಸುತ್ತಬಾರದು, ಸೂಜಿ ಚುಚ್ಚಬಾರದು. ‘ಎಡಗೈ ಬೇಡ’ ಎಂಬ ಎರಡು ಪದ ಸಾಕು.

ಸಕ್ಕರೆ ಕಾಯಿಲೆಯ ಮಾತು ಸ್ವಲ್ಪ ಬೇರೆ. ಪ್ರಜ್ಞೆ ತಪ್ಪಿದವರು ಬಂದರೆ ಒಳ್ಳೆಯ ತುರ್ತು ವಿಭಾಗದಲ್ಲಿ ಹೇಗೂ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಹಾಗಾಗಿ ಇಲ್ಲಿ ಗುರುತು ಕೆಲಸ ಮಾಡುವುದು ಮುಖ್ಯವಾಗಿ ಮೊದಲ ಓದುಗರ ಮೇಲೆ. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವರಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯುತ್ತ ಹೋದರೆ ಬೆವರು, ತಡವರಿಸುವ ಮಾತು, ತೂರಾಡುವ ನಡೆ. ಸಂಜೆಯ ಹೊತ್ತು ಬಸ್ ನಿಲ್ದಾಣದಲ್ಲಿ ಇದನ್ನು ಕಂಡವರು ಏನೆಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಕುಡಿದಿದ್ದಾನೆ ಎಂದು ದೂರ ಸರಿಯುತ್ತಾರೆ. ಮೂರ್ಛೆರೋಗದ ವಿಷಯವೂ ಹಾಗೆಯೇ. ಫಿಟ್ಸ್ ಬಂದವರ ಕೈಗೆ ಕೀಲಿಗೊಂಚಲು ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ಇಡುವುದು, ಇವೆಲ್ಲ ನಮ್ಮ ಬೀದಿಗಳಲ್ಲಿ ಈಗಲೂ ನಡೆಯುತ್ತವೆ. ಇವರ ಕಾರ್ಡಿನ ಮುಂಬದಿ ಪೂರ್ತಿ ಕನ್ನಡದಲ್ಲೇ ಇರಲಿ: ‘ನನಗೆ ಮೂರ್ಛೆರೋಗವಿದೆ. ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.’ ಇನ್ಸುಲಿನ್‌ನವರದ್ದು: ‘ಎಚ್ಚರವಿದ್ದರೆ ಸಕ್ಕರೆ ತಿನ್ನಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.’

ಔಷಧದ ಬ್ರ್ಯಾಂಡ್ ಹೆಸರನ್ನು ಬರೆದು ಸುಮ್ಮನಾಗಬೇಡಿ, ಮೂಲ ಹೆಸರನ್ನೂ ಬರೆಯಿರಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಡುವ ಹಿರಿಯರಿಗಂತೂ ಇದು ಕಡ್ಡಾಯ. ಇಲ್ಲಿ ಮನೆಮಾತಾಗಿರುವ ಡೋಲೋ ಅಲ್ಲಿ ಯಾರಿಗೂ ತಿಳಿಯದು. ಪ್ಯಾರಾಸಿಟಮಾಲ್ ಎಂದರೂ ಅಲ್ಲಿಯವರ ಬಾಯಲ್ಲಿ ಅದು ಅಸಿಟಮಿನೊಫೆನ್. ಅಪ್ಪ ನುಂಗುವ ಅಸಿನೊಕೌಮರಾಲ್ ಆ ದೇಶದ ಮಾರುಕಟ್ಟೆಯಲ್ಲೇ ಇಲ್ಲ, ಅಲ್ಲಿ ವಾರ್ಫರಿನ್ ನಡೆಯುತ್ತದೆ. ಆದ್ದರಿಂದ ಹೆಸರಿನ ಪಕ್ಕದಲ್ಲಿ ‘ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ವಾರ್ಫರಿನ್ ಜಾತಿಯದು’ ಎಂದು ಇಂಗ್ಲಿಷಿನಲ್ಲಿ ಸೇರಿಸಿದ್ದೇವೆ.

ಆಧಾರ್ ಸಂಖ್ಯೆ, ಮನೆಯ ವಿಳಾಸ, ಹುಟ್ಟಿದ ದಿನಾಂಕ ಯಾವುದೂ ಬೇಡ. ಪರ್ಸು ಕಳ್ಳರ ಕೈಗೂ ಸಿಗುತ್ತದೆ. ಹುಟ್ಟಿದ ವರ್ಷ ಸಾಕು. ಎಚ್‌ಐವಿ, ಮಾನಸಿಕ ಆರೋಗ್ಯದಂಥ ವಿಷಯಗಳನ್ನು ಬಹಿರಂಗವಾಗಿ ಕೊರೆಸಿಕೊಂಡು ಓಡಾಡಬೇಕೆಂದು ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ 2017ರ ಕಾಯ್ದೆಯ ರಕ್ಷಣೆಯೇ ಇದೆ. ಅಂಥ ಕಡೆ ಕಾಯಿಲೆಯ ಹೆಸರು ಬಿಟ್ಟು ಔಷಧದ ಹೆಸರನ್ನು ಮಾತ್ರ, ಅದೂ ಒಳಗೆ ಮಡಚಿಡುವ ಕಾರ್ಡಿನಲ್ಲಿ ಬರೆದರೆ ವೈದ್ಯರಿಗೆ ಅರ್ಥವಾಗುತ್ತದೆ, ದಾರಿಹೋಕರಿಗೆ ಆಗುವುದಿಲ್ಲ.

ಪರ್ಸಿನ ಕಾರ್ಡ್

ಅಗ್ಗದ್ದು, ಸುಲಭದ್ದು. ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಐವತ್ತು ರೂಪಾಯಿಯೊಳಗೆ ಮುದ್ರಿಸಿ ಲ್ಯಾಮಿನೇಟ್ ಮಾಡಿ ಕೊಡುತ್ತಾರೆ. ಎಷ್ಟು ಬೇಕಾದರೂ ಬರೆಯಬಹುದು; ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಯಾರಾದರೂ ಬಿದ್ದರೆ ಗುರುತು ಪತ್ತೆಗೆಂದು ಪೊಲೀಸರೂ ಆಸ್ಪತ್ರೆಯವರೂ ಪರ್ಸು ತೆಗೆದು ನೋಡುವುದು ಖಚಿತ.

ಸಮಸ್ಯೆ ಒಂದೇ, ಅಪ್ಪನದ್ದೇ: ಕಾರ್ಡ್ ನಿಮ್ಮ ಮೈಮೇಲೆ ಇರುವುದಿಲ್ಲ. ಅಂಗಿ ಬದಲಾದರೆ ಹೋಯಿತು. ಬೆಳಗಿನ ವಾಕಿಂಗಿಗೆ ಪರ್ಸು ಯಾರೂ ಒಯ್ಯುವುದಿಲ್ಲ, ಮುಂಜಾನೆ ಹೃದಯಾಘಾತವಾಗುವುದಕ್ಕೆ ಅದೇನೂ ಅಡ್ಡಿಯಲ್ಲ. ಹೆಂಗಸರಿಗೆ ಇದು ಇನ್ನೂ ತೊಡಕು. ವ್ಯಾನಿಟಿ ಬ್ಯಾಗ್ ಅಪಘಾತದ ಸ್ಥಳದಲ್ಲೇ, ಬಸ್ಸಿನ ಸೀಟಿನಲ್ಲೇ ಉಳಿದುಬಿಡುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆಯ ಸಂಚಿಯೇ ಅಜ್ಜಿಯಂದಿರ ಪರ್ಸು. ಅದರೊಳಗೆ ಕಾರ್ಡ್ ಇದ್ದೀತೆಂದು ಯಾವ ನರ್ಸ್ ಹುಡುಕುತ್ತಾಳೆ?

ಒಂದೇ ಕಾರ್ಡ್ ಮಾಡಿಸಬೇಡಿ, ನಾಲ್ಕು ಮಾಡಿಸಿ. ಪರ್ಸಿಗೊಂದು, ಫೋನಿನ ಹಿಂಬದಿ ಕವರಿನೊಳಗೊಂದು, ಬೈಕಿನ ದಾಖಲೆಗಳ ಜೊತೆಗೊಂದು, ಪ್ರಯಾಣದ ಚೀಲಕ್ಕೊಂದು. ಫೋನಿನ ಪಾರದರ್ಶಕ ಕವರಿನ ಹಿಂದೆ ಹೊರಮುಖವಾಗಿ ಇಟ್ಟ ಕಾರ್ಡ್ ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಅತ್ಯಂತ ಹೆಚ್ಚು ಬಳಕೆಗೆ ಬರುವ ಉಪಾಯ. ದಾರಿಹೋಕರು ಫೋನ್ ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ.

ಕೈಗೆ, ಕೊರಳಿಗೆ

ಕೈಯ ಪಟ್ಟಿಯ ಕಥೆ ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಿನದು. 1953ರಲ್ಲಿ ಅಲ್ಲಿಯ ವೈದ್ಯ ಮೇರಿಯನ್ ಕಾಲಿನ್ಸ್ ಅವರ ಮಗಳು ಲಿಂಡಾಳಿಗೆ ಗಾಯವಾಗಿ, ಧನುರ್ವಾಯು ತಡೆಯುವ ಔಷಧದ ಪರೀಕ್ಷಾ ಡೋಸಿಗೇ ತೀವ್ರ ಅಲರ್ಜಿಯಾಗಿ ಸಾಯುವಂತಾಗಿತ್ತು. ಅಪ್ಪ ಅಮ್ಮ ಇಬ್ಬರೂ ಸೇರಿ ಆ ಎಚ್ಚರಿಕೆಯನ್ನು ಕೆತ್ತಿಸಿದ ಕೈಪಟ್ಟಿಯೊಂದನ್ನು ಮಾಡಿಸಿದರು. 1956ರಲ್ಲಿ ಅದು ಮೆಡಿಕ್‌ಅಲರ್ಟ್ ಸಂಸ್ಥೆಯಾಯಿತು. ಅಲ್ಲಿ ಇದು ನಡೆಯಲು ಎರಡು ಕಾರಣ: ಆಂಬುಲೆನ್ಸಿನವರಿಗೆ ಮಣಿಕಟ್ಟು, ಕೊರಳು ನೋಡುವ ಅಭ್ಯಾಸ ಬಿದ್ದಿದೆ, ಪಟ್ಟಿಯ ಹಿಂದೆ ಹಗಲೂ ರಾತ್ರಿ ಕರೆ ತೆಗೆದುಕೊಂಡು ಪೂರ್ತಿ ವಿವರ ಹೇಳುವ ಕಚೇರಿ ಇದೆ. ಆ ವ್ಯವಸ್ಥೆ ಇಲ್ಲದ ಕಡೆ ಬಿಲ್ಲೆ ಅಂದರೆ ಬಿಲ್ಲೆ ಮಾತ್ರ. ಹೇಳಬೇಕಾದದ್ದೆಲ್ಲ ಅದರ ಮೇಲೆಯೇ ಇರಬೇಕು.

ಇಲ್ಲಿಯ ಇನ್ನೊಂದು ಕಷ್ಟ, ನಮ್ಮ ಕೈಗಳು ಖಾಲಿ ಇರುವುದಿಲ್ಲ. ಕೆಂಪು ದಾರ, ತಾಮ್ರದ ಕಡಗ, ಬಳೆ, ಗಡಿಯಾರ, ತೋಳಿನ ತಾಯತ. ಇವುಗಳ ನಡುವೆ ಇನ್ನೊಂದು ಲೋಹದ ಪಟ್ಟಿ ಯಾರ ಕಣ್ಣಿಗೂ ವಿಶೇಷವಾಗಿ ಕಾಣುವುದಿಲ್ಲ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ತರಿಸಿದ ಚೆಂದದ ಕಡಗವನ್ನು ಅಪ್ಪ ಧರಿಸಿದಾಗ ಪಕ್ಕದ ಮನೆಯವರು ಯಾವ ದೇವಸ್ಥಾನದ್ದು ಎಂದು ಕೇಳಿದರು. ಅಪ್ಪ ಅದಕ್ಕೆ ಕೊಟ್ಟದ್ದು ಮೂವತ್ತೈದು ಅಂಕ. ಆರು ಕೈಗಳ ನಕ್ಷತ್ರದ ಚಿಹ್ನೆ, ಸರ್ಪ ಸುತ್ತಿದ ದಂಡದ ಚಿಹ್ನೆ ಕೆಂಪು ಬಣ್ಣದಲ್ಲಿ ಎದ್ದು ಕಾಣುವಂತೆ ಇದ್ದರೆ ಆಂಬುಲೆನ್ಸ್ ಸಿಬ್ಬಂದಿ ಗುರುತಿಸಿಯಾರು; ಬಣ್ಣವಿಲ್ಲದ ಬೆಳ್ಳಿಯ ಕೆತ್ತನೆ ಬೇಡ.

ಆದರೂ ನಾನು ಬಿಲ್ಲೆಯ ಪರ. ಸ್ನಾನಕ್ಕೆ ಹೋದರೂ ಬಿಚ್ಚಬೇಕಿಲ್ಲದ, ಅಂಗಿಯ ಜೊತೆ ಒಗೆತಕ್ಕೆ ಹೋಗದ ಗುರುತು ಇದೊಂದೇ. ಆನ್‌ಲೈನಿನಲ್ಲಿ ಕೊಳ್ಳುವ ಬದಲು ನಮ್ಮೂರಿನ ಪಾತ್ರೆ ಅಂಗಡಿಗೆ ಹೋದೆ. ಮದುವೆಯ ಉಡುಗೊರೆಗೆ ಸ್ಟೀಲ್ ತಟ್ಟೆ, ಕೊಡಪಾನಗಳ ಮೇಲೆ ಹೆಸರು ಕೊರೆಯುತ್ತಾರಲ್ಲ, ಅದೇ ಕೊರೆಯುವ ಪೆನ್ನು. ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಸ್ಟೀಲ್ ಬಿಲ್ಲೆ ಕೊಟ್ಟೆ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಆತ ತಲೆಯೆತ್ತದೆ ಕೇಳಿದ್ದು: ‘ಹೆಸರಿನ ಹಿಂದೆ ಶ್ರೀ ಹಾಕಬೇಕೇ, ಚಿರಂಜೀವಿ ಹಾಕಬೇಕೇ?’ ಜಾಗ ಸಾಲದು ಎಂದು ಹೇಳಿ ಎರಡನ್ನೂ ತಪ್ಪಿಸಿದೆ. ಕೊರೆದದ್ದು ಇಷ್ಟು: ಮುಂದೆ ಇಂಗ್ಲಿಷಿನಲ್ಲಿ ಲೋಹದ ಹೃದಯ ಕವಾಟ, ಅಸಿನೊಕೌಮರಾಲ್, ಹಿಂದೆ ಎರಡು ಫೋನ್ ನಂಬರ್. ಅಷ್ಟಕ್ಕೇ ತುಂಬಿಹೋಯಿತು. ಬಿಲ್ಲೆಯ ಮಿತಿಯೂ ಅದೇ. ನಾಲ್ಕು ಕಾಯಿಲೆ, ಹತ್ತು ಔಷಧ ಇರುವವರಿಗೆ ‘ಕಾರ್ಡ್ ಪರ್ಸಿನಲ್ಲಿದೆ’ ಎಂದು ಕೊರೆಸುವುದೇ ಒಳ್ಳೆಯದು.

ಶಬರಿಮಲೆಗೆ ಹೋಗುವವರು ಇದನ್ನು ಗಮನಿಸಬೇಕು. ಮಾಲೆ ಧರಿಸಿ, ಅಂಗಿಯಿಲ್ಲದೆ, ಬರಿಗಾಲಿನಲ್ಲಿ ಪಂಪೆಯಿಂದ ಏರುವಾಗ ಜೇಬೂ ಇಲ್ಲ, ಪರ್ಸೂ ಇಲ್ಲ. ಹೃದಯದ ತೊಂದರೆ ಇರುವವರಿಗೆ ಆ ಏರು ಸುಲಭದ್ದಲ್ಲ. ತುಳಸಿ ಮಾಲೆಯ ಜೊತೆಗೆ ಒಂದು ಬಿಲ್ಲೆ ಪೋಣಿಸಿಕೊಂಡರೆ ಯಾವ ವ್ರತಕ್ಕೂ ಭಂಗವಿಲ್ಲ. ಅಲ್ಲಿ ನೋಡಿಕೊಳ್ಳುವವರು ಮಲಯಾಳಿಗಳು, ಆದ್ದರಿಂದ ಇಂಗ್ಲಿಷ್ ಬದಿ ಮೇಲಿರಲಿ.

ಫಿಸ್ಟುಲಾ ಇರುವ ಕೈಗೆ ಯಾವ ಪಟ್ಟಿಯನ್ನೂ ಹಾಕಬೇಡಿ, ಬಿಗಿಯಾದದ್ದು ಅಲ್ಲಿ ಕೂಡದು. ಇನ್ನೊಂದು ಕೈಗೆ ಅಥವಾ ಕೊರಳಿಗೆ. ಮರೆವಿನ ಕಾಯಿಲೆಯ ಹಿರಿಯರಿಗೆ ಸುಲಭವಾಗಿ ಬಿಚ್ಚಲಾಗದ ಕೊಂಡಿಯ ಕೈಪಟ್ಟಿ, ಅದರ ಮೇಲೆ ಕಾಯಿಲೆಗಿಂತ ಮೊದಲು ಫೋನ್ ನಂಬರ್. ರಬ್ಬರ್ ಪಟ್ಟಿಯ ಮೇಲಿನ ಮುದ್ರಣ ಆರು ತಿಂಗಳಲ್ಲಿ ಅಳಿಸಿಹೋಯಿತು. ಹಚ್ಚೆಯ ಬಗ್ಗೆ ಕೇಳುವವರಿದ್ದಾರೆ: ಔಷಧ ಬದಲಾದರೆ ಹಚ್ಚೆ ಬದಲಾಗುವುದಿಲ್ಲ.

ಫೋನು

2005ರಲ್ಲಿ ಬಾಬ್ ಬ್ರಾಚಿ ಎಂಬ ಇಂಗ್ಲೆಂಡಿನ ಆಂಬುಲೆನ್ಸ್ ಸಿಬ್ಬಂದಿ ಒಂದು ಸರಳ ಉಪಾಯ ಹೇಳಿದರು: ತುರ್ತಿಗೆ ಯಾರಿಗೆ ತಿಳಿಸಬೇಕೋ ಅವರ ನಂಬರನ್ನು ‘ಐಸಿಇ’ (ಇನ್ ಕೇಸ್ ಆಫ್ ಎಮರ್ಜೆನ್ಸಿ) ಎಂಬ ಹೆಸರಿನಲ್ಲಿ ಉಳಿಸಿಕೊಳ್ಳಿ. ಜಗತ್ತಿನ ತುಂಬ ಹಬ್ಬಿತು. ಆಗ ಹೆಚ್ಚಿನವರು ಫೋನಿಗೆ ಬೀಗ ಹಾಕುತ್ತಿರಲಿಲ್ಲ. ಈಗ ಆ ನಂಬರ್ ಬೆರಳಚ್ಚಿನ ಹಿಂದೆ ಭದ್ರವಾಗಿದೆ. ಇಂದಿಗೂ ಆ ಸಲಹೆಯನ್ನು ವಾಟ್ಸ್‌ಆ್ಯಪಿನಲ್ಲಿ ಹಂಚುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಅದರ ಬದಲಿಗೆ ಬಂದದ್ದು ಬೀಗ ತೆಗೆಯದೆಯೇ ಕಾಣುವ ತುರ್ತು ಪುಟ. ಐಫೋನಿನಲ್ಲಿ 2014ರಿಂದ ಇದೆ: ಹೆಲ್ತ್ ಆ್ಯಪಿನಲ್ಲಿ ಮೆಡಿಕಲ್ ಐಡಿ ತುಂಬಿ, ಬೀಗ ಹಾಕಿದ್ದಾಗಲೂ ತೋರಿಸು ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಆಂಡ್ರಾಯ್ಡಿನಲ್ಲಿ 2016ರಿಂದ ಇದೆ: ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತುಸ್ಥಿತಿ ಎಂಬ ವಿಭಾಗ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ಔಷಧ ಬದಲಾದರೆ ತಿದ್ದುವುದೂ ಸುಲಭ. ಬೀಗ ತೆಗೆಯದೆ ಅಲ್ಲಿಂದಲೇ ಮನೆಯವರಿಗೆ ಕರೆ ಹೋಗುತ್ತದೆ.

ಇಷ್ಟೆಲ್ಲ ಇದ್ದೂ ನಾನು ಇದನ್ನು ಒಂಟಿಯಾಗಿ ನಂಬುವುದಿಲ್ಲ. ಬೀಗದ ಪರದೆಯಲ್ಲಿ ‘ತುರ್ತು’ ಎಂಬುದನ್ನು ಒತ್ತಬೇಕು, ಅಲ್ಲಿ ಇನ್ನೊಂದು ಗುಂಡಿ ಹುಡುಕಬೇಕು ಎಂಬುದು ನಮ್ಮ ಆಟೋ ನಿಲ್ದಾಣದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನೇ ಕೇಳಿ ನೋಡಿದೆ. ಬಿದ್ದ ಫೋನಿನ ಗಾಜು ಒಡೆದಿರುತ್ತದೆ, ಚಾರ್ಜ್ ಮುಗಿದಿರುತ್ತದೆ, ಅಥವಾ ಅಪಘಾತದ ಗಲಾಟೆಯಲ್ಲಿ ಫೋನೇ ಮಾಯವಾಗಿರುತ್ತದೆ. ಇದಕ್ಕಿಂತ ಒರಟಾದ, ಆದರೆ ಹೆಚ್ಚು ಕೆಲಸ ಮಾಡುವ ಉಪಾಯ ಬೀಗದ ಪರದೆಯ ಚಿತ್ರವನ್ನೇ ಬದಲಿಸುವುದು. ‘ಅಪಾಯದಲ್ಲಿದ್ದರೆ ಈ ನಂಬರಿಗೆ ಕರೆ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚಿತ್ರ. ಮೊಮ್ಮಗಳ ಫೋಟೊ ತೆಗೆಯಬೇಕಾಯಿತೆಂದು ಅಪ್ಪನಿಗೆ ಬೇಸರ; ಆಮೇಲೆ ಅಕ್ಷರಗಳ ಕೆಳಗೆ ಅವಳ ಫೋಟೊವನ್ನೂ ಸೇರಿಸಿದೆ.

ಒಂದು ಮಾತು. ತುರ್ತು ಸಂಪರ್ಕಕ್ಕೆ ಹತ್ತಿರದ ನೆಂಟರಿಗಿಂತ ಗೊತ್ತಿಲ್ಲದ ನಂಬರಿನ ಕರೆಯನ್ನೂ ತೆಗೆಯುವವರನ್ನು ಆರಿಸಿ. ಸಾಲ ಬೇಕೇ ಎಂದು ದಿನಕ್ಕೆ ಹತ್ತು ಕರೆ ಬರುವ ಕಾಲದಲ್ಲಿ ನನ್ನ ತಮ್ಮ ಅಪರಿಚಿತ ಕರೆಗಳನ್ನು ತೆಗೆಯುವುದೇ ಇಲ್ಲ. ಅವನ ಜಾಗಕ್ಕೆ ಅಮ್ಮನ ನಂಬರ್ ಬಂತು. ಅಮ್ಮ ಎಲ್ಲ ಕರೆಗಳನ್ನೂ ತೆಗೆಯುತ್ತಾರೆ, ಸಾಲದವರ ಹತ್ತಿರವೂ ಊರು ಕೇಳುತ್ತಾರೆ.

ಬಿದ್ದಾಗ ತಾನೇ ಕರೆ ಮಾಡುವ ಸ್ಮಾರ್ಟ್ ವಾಚುಗಳು ಒಂಟಿಯಾಗಿ ಬದುಕುವವರಿಗೆ ಉಪಯುಕ್ತ, ಚಾರ್ಜ್ ಮಾಡುವ ಶಿಸ್ತು ಇದ್ದರೆ.

ಕ್ಯೂಆರ್ ಚೀಟಿ, ಆಭಾ ಸಂಖ್ಯೆ

ಹೆಲ್ಮೆಟ್ಟಿಗೆ, ಕಾರಿನ ಗಾಜಿಗೆ ಅಂಟಿಸುವ ಕ್ಯೂಆರ್ ಚೀಟಿಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಸ್ಕ್ಯಾನ್ ಮಾಡಿದರೆ ಮಾರಿದ ಕಂಪನಿಯ ಜಾಲತಾಣ ತೆರೆದು ನಿಮ್ಮ ವಿವರ ತೋರಿಸುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ತೋರಿಸುವುದಿಲ್ಲ. ಕಂಪನಿ ಮುಚ್ಚಿದರೆ ತೋರಿಸುವುದಿಲ್ಲ. ಚಂದಾ ನವೀಕರಿಸಲು ಮರೆತರೂ ಅಷ್ಟೇ. ನಾವು ಕೊಂಡ ಒಂದರ ಗತಿ ಹಾಗೆಯೇ ಆಯಿತು. ಕ್ಯೂಆರ್ ಬೇಕೇ ಬೇಕೆನಿಸಿದರೆ ಜಾಲತಾಣದ ಕೊಂಡಿಯ ಬದಲು ಬರಿಯ ಪಠ್ಯವನ್ನೇ ತುಂಬಿದ ಕ್ಯೂಆರ್ ಮಾಡಿಸಿ. ಕೆಲವು ನೂರು ಅಕ್ಷರ ಹಿಡಿಸುತ್ತದೆ, ಇಂಟರ್ನೆಟ್ ಇಲ್ಲದೆಯೂ ಓದಬಹುದು, ಯಾರಿಗೂ ಚಂದಾ ಕಟ್ಟಬೇಕಿಲ್ಲ. ಹಾಗಿದ್ದರೂ ಅದನ್ನೇ ಅಕ್ಷರದಲ್ಲಿ ಬರೆಯಬಹುದಿತ್ತಲ್ಲ ಎಂದ ಅಪ್ಪನಿಗೆ ನನ್ನಲ್ಲಿ ಉತ್ತರವಿರಲಿಲ್ಲ.

‘ನನ್ನದು ಆಭಾ ಆಗಿದೆ, ಮತ್ತೇನು ಬೇಕು’ ಎನ್ನುವವರು ಹಲವರು. 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ ಹದಿನಾಲ್ಕು ಅಂಕಿಯ ಸಂಖ್ಯೆ ಅದು. ನಿಮ್ಮ ದಾಖಲೆಗಳನ್ನು ಆಸ್ಪತ್ರೆಗಳ ನಡುವೆ ಜೋಡಿಸಲು ಒಳ್ಳೆಯದೇ. ಆದರೆ ದಾಖಲೆ ತೆರೆಯಲು ನಿಮ್ಮ ಒಪ್ಪಿಗೆ ಬೇಕು, ಒಪ್ಪಿಗೆ ಕೊಡಲು ನಿಮಗೆ ಎಚ್ಚರವಿರಬೇಕು. ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಇನ್ನೊಂದೇ ವಿಷಯ. ಅದು ಬಿಲ್ಲು ಕಟ್ಟುವ ಪ್ರಶ್ನೆಗೆ ಉತ್ತರ. ಎರಡನ್ನೂ ಇಟ್ಟುಕೊಳ್ಳಿ, ಆದರೆ ಯಾವುದೂ ಈ ಕೆಲಸಕ್ಕೆ ಒದಗುವುದಿಲ್ಲ.

ಮನೆಯೊಳಗೆ ಬಿದ್ದರೆ

ಬೀದಿಯ ಬಗ್ಗೆಯೇ ಇಷ್ಟು ಹೇಳಿದೆ, ಆದರೆ ಹಿರಿಯರು ಬೀಳುವುದು ಹೆಚ್ಚಾಗಿ ಬಚ್ಚಲಿನಲ್ಲಿ. ನಮ್ಮ ಮನೆಗಳಲ್ಲಿ ಆಸ್ಪತ್ರೆಯ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ, ಹಳೆಯ ಎಕ್ಸ್‌ರೇಗಳ ಸಮೇತ, ಬೀರುವಿನ ತಳದಲ್ಲಿರುತ್ತವೆ. ಬೀರುವಿನ ಕೀಲಿ ಎಲ್ಲಿದೆಯೆಂದು ಗೊತ್ತಿರುವವರೇ ಬಿದ್ದಿರುತ್ತಾರೆ. ಬ್ರಿಟನ್ನಿನಲ್ಲಿ ಲಯನ್ಸ್ ಕ್ಲಬ್ಬಿನವರು ಕಾಯಿಲೆ ಮತ್ತು ಔಷಧದ ವಿವರವನ್ನು ಸಣ್ಣ ಡಬ್ಬಿಯೊಂದರಲ್ಲಿ ಹಾಕಿ ಫ್ರಿಜ್ಜಿನೊಳಗೆ ಇಡಿಸುತ್ತಾರೆ. ಎಲ್ಲರ ಮನೆಯಲ್ಲೂ ಫ್ರಿಜ್ ಇರುತ್ತದೆ, ಹುಡುಕುವುದು ಸುಲಭ ಎಂಬುದು ತರ್ಕ. ನಾವು ಇನ್ನೂ ಸರಳ ಮಾಡಿದೆವು. ಕೊನೆಯ ಡಿಸ್ಚಾರ್ಜ್ ಸಮ್ಮರಿ ಮತ್ತು ಈಗಿನ ಔಷಧಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೇ ಕ್ಲಿಪ್ ಹಾಕಿದ್ದೇವೆ, ಅದರ ಫೋಟೊ ಮನೆಯ ನಾಲ್ವರ ಫೋನಿನಲ್ಲೂ ಎದುರು ಮನೆಯವರ ಫೋನಿನಲ್ಲೂ ಇದೆ. ಪಟ್ಟಿಯ ಕೆಳಗೆ ದಿನಾಂಕ ಬರೆಯಲೇಬೇಕು. ಎರಡು ವರ್ಷ ಹಳೆಯ ಔಷಧದ ಪಟ್ಟಿ ವೈದ್ಯರನ್ನು ದಾರಿ ತಪ್ಪಿಸುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಮೂವತ್ತರ ಹರೆಯದ, ಯಾವ ಕಾಯಿಲೆಯೂ ಇಲ್ಲದ ಬೈಕ್ ಸವಾರರಿಗೆ ಬೀಗದ ಪರದೆಯ ನಂಬರ್ ಮತ್ತು ಫೋನಿನ ತುರ್ತು ಪುಟ ಸಾಕು, ದುಡ್ಡು ಖರ್ಚು ಮಾಡಬೇಡಿ. ಮೂರ್ಛೆರೋಗ ಅಥವಾ ಇನ್ಸುಲಿನ್ ಇರುವವರಿಗೆ ಕನ್ನಡದ ಸೂಚನೆ ದೊಡ್ಡದಾಗಿ ಕಾಣುವ ಕಾರ್ಡ್ ಫೋನಿನ ಬೆನ್ನಿಗಿರಲಿ; ಶಾಲೆಯ ಮಕ್ಕಳಿಗಾದರೆ ಐಡಿ ಕಾರ್ಡಿನ ಹಿಂಬದಿಗೆ. ರಕ್ತ ತೆಳುವಾಗಿಸುವ ಮಾತ್ರೆ, ಸ್ಟೆರಾಯ್ಡ್, ತೀವ್ರ ಅಲರ್ಜಿ, ಬಾಂಬೆ ರಕ್ತ ಇರುವವರಿಗೆ ಮೈಮೇಲಿಂದ ಇಳಿಯದ ಬಿಲ್ಲೆ, ಜೊತೆಗೆ ಕಾರ್ಡ್. ಇವರಿಗೆ ಎರಡರಲ್ಲಿ ಒಂದು ಸಾಕೆಂದು ಹೇಳಲು ನನಗೆ ಧೈರ್ಯವಿಲ್ಲ. ಹೊರದೇಶಕ್ಕೆ ಹೋಗುವವರಿಗೆ ಕೈಪಟ್ಟಿ ಕೊಡಿಸಿ, ಅಲ್ಲಿ ಅದನ್ನು ನೋಡುವವರಿದ್ದಾರೆ.

ನನ್ನ ಕಾರ್ಡಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ನನ್ನನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇದೆ.’ ಕರ್ನಾಟಕದ 2016ರ ಕಾಯ್ದೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ವಿಧಿ, ಎರಡೂ ನೆರವಿಗೆ ಬಂದವರನ್ನು ಕಾಯುತ್ತವೆ. ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲುವ ಮೊದಲ ಓದುಗರಿಗಾಗಿ ಬರೆದದ್ದು ಅದು.

ಏನೇ ಆರಿಸಿದರೂ ಒಮ್ಮೆ ಪರೀಕ್ಷೆ ಮಾಡಿ. ನಾವು ಮಾಡಿದ್ದು ಹೀಗೆ: ಅಪ್ಪ ಹೊರಗೆ ಹೋಗುವ ಉಡುಪಿನಲ್ಲೇ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದರು. ಎದುರು ಮನೆಯ ಹೈಸ್ಕೂಲು ಹುಡುಗನನ್ನು ಕರೆದು, ಇವರಿಗೆ ಪ್ರಜ್ಞೆ ಇಲ್ಲ, ಕಾಯಿಲೆ ಏನೆಂದು ಎರಡು ನಿಮಿಷದಲ್ಲಿ ಕಂಡುಹಿಡಿ ಎಂದೆ. ಅವನು ಫೋನಿನ ಹತ್ತಿರ ಹೋಗಲಿಲ್ಲ, ಕೊರಳನ್ನೂ ನೋಡಲಿಲ್ಲ. ನೇರವಾಗಿ ಅಂಗಿಯ ಜೇಬಿಗೆ ಕೈಹಾಕಿದ. ಅಂದಿನಿಂದ ಅಪ್ಪನ ಆರು ಅಂಗಿಗಳಿಗೂ ಒಂದೊಂದು ಕಾರ್ಡ್ ಇದೆ. ಒಗೆಯುವ ಮುನ್ನ ಜೇಬು ನೋಡುವ ಕೆಲಸ ನನ್ನದು.